ಬೇಬಿಗೂ ನಾಯಕಿಗೂ ನಡುವೆ ಕಾಣೆಯಾದ ವರ್ಷಗಳು

ಭಾನುವಾರ ಮಧ್ಯಾಹ್ನ ಯಾವುದಾದರೂ ಚಾನೆಲ್‌ನಲ್ಲಿ ‘ಮತ್ತೆ ಹಾಡಿತು ಕೋಗಿಲೆ’ಯೋ ‘ಭೈರವಿ’ಯೋ ಬಂದರೆ ಮನೆಯಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಈ ಬೇಬಿ ಶ್ಯಾಮಿಲಿ ಈಗೇನು ಮಾಡ್ತಿದ್ದಾಳೆ, ಯಾಕೆ ಹೀರೋಯಿನ್ ಆಗಲಿಲ್ಲ? ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಆದರೆ ಆ ಪ್ರಶ್ನೆಯೊಳಗೆ ಒಂದು ತೀರ್ಪು ಅಡಗಿದೆ. ಬಾಲನಟಿಯಾಗಿದ್ದವಳು ನಾಯಕಿಯಾದರೆ ಗೆದ್ದಳು, ಆಗದಿದ್ದರೆ ಸೋತಳು ಎಂಬ ತೀರ್ಪು. ‘ಮಾಲ್ಗುಡಿ ಡೇಸ್’ನ ಸ್ವಾಮಿಯಾಗಿ ಮನೆಮಾತಾದ ಮಂಜುನಾಥ್ ನಟನೆ ಬಿಟ್ಟು ಬೇರೆ ಕೆಲಸ ಹಿಡಿದರು ಎಂದರೆ ನಾವು ‘ಒಳ್ಳೇದಾಯ್ತು, ಓದಿಕೊಂಡ’ ಎನ್ನುತ್ತೇವೆ. ಹುಡುಗಿಯ ವಿಷಯದಲ್ಲಿ ಅದೇ ಸಂಗತಿ ‘ಪಾಪ, ಮುಂದೆ ಬರಲಿಲ್ಲ’ ಆಗುತ್ತದೆ. ಈ ವ್ಯತ್ಯಾಸ ಬರಿಯ ಮಾತಿನದಲ್ಲ. ನಮ್ಮ ಸಿನಿಮಾರಂಗಕ್ಕೆ ಹೆಣ್ಣುಮಗುವಿನಿಂದ ಆಗಬೇಕಾದ ಕೆಲಸ ಎರಡೇ ವಯಸ್ಸಿನಲ್ಲಿದೆ, ಒಂದು ತೊದಲು ಮಾತಿನ ವಯಸ್ಸು, ಇನ್ನೊಂದು ಪ್ರೇಮಗೀತೆಯ ವಯಸ್ಸು. ನಡುವಿನ ಏಳೆಂಟು ವರ್ಷಗಳಿಗೆ ಅಲ್ಲಿ ಜಾಗವೇ ಇಲ್ಲ. ಜಾಗ ಇಲ್ಲದ್ದರಿಂದ ಹುಡುಗಿ ಒಂದೋ ರಂಗದಿಂದ ಹೊರಬೀಳುತ್ತಾಳೆ, ಇಲ್ಲವೇ ಆ ವರ್ಷಗಳನ್ನು ಹಾರಿಸಿ ಅವಸರದಲ್ಲಿ ದೊಡ್ಡವಳಾಗುತ್ತಾಳೆ. ಬಾಲನಟಿಯರ ಬದುಕನ್ನು ಅಳೆಯಲು ನಿಜವಾಗಿ ಬೇಕಾದ ಪ್ರಶ್ನೆ ಆ ನಡುವಿನ ವರ್ಷಗಳ ಕುರಿತದ್ದು.

ಕನ್ನಡದ ಮಟ್ಟಿಗೆ ಇದಕ್ಕೆ ಸ್ಪಷ್ಟ ಉದಾಹರಣೆ ಸುಧಾರಾಣಿ ಅವರದು. ಮೂಲ ಹೆಸರು ಜಯಶ್ರೀ. ತೀರಾ ಚಿಕ್ಕವರಿದ್ದಾಗಲೇ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ‘ಕಿಲಾಡಿ ಕಿಟ್ಟು’ (1978) ಮೊದಲಾದ ಚಿತ್ರಗಳಲ್ಲಿ ಬಾಲನಟಿಯಾದರು. ಜೊತೆಜೊತೆಗೆ ನೃತ್ಯ ಕಲಿತರು. 1986ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ ‘ಆನಂದ್’ ತೆರೆಗೆ ಬಂದಾಗ ಅವರೇ ನಾಯಕಿ. ಆಗ ಅವರ ವಯಸ್ಸು 13ರ ಆಸುಪಾಸು, ಹೈಸ್ಕೂಲು ಮೆಟ್ಟಿಲು ಹತ್ತುವ ವಯಸ್ಸು. ಅದೇ ಚಿತ್ರದಿಂದ ನಾಯಕರಾದ ಶಿವರಾಜ್‌ಕುಮಾರ್ ಅವರನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅವರೂ ಎಳವೆಯಲ್ಲಿ ಕ್ಯಾಮೆರಾ ಕಂಡವರೇ; 1974ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಪುಟ್ಟದಾಗಿ ಬಂದು ಹೋಗಿದ್ದರು. ಅಲ್ಲಿಂದ ‘ಆನಂದ್’ವರೆಗೆ ಅವರಿಗೆ 12 ವರ್ಷ ಸಿಕ್ಕಿತು. ಆ ಅವಧಿಯಲ್ಲಿ ಓದಿದರು, ಪದವಿ ಮುಗಿಸಿದರು, ನಟನೆಗೆ ತಯಾರಾದರು, 20 ದಾಟಿದ ಮೇಲೆ ನಾಯಕರಾದರು. ಒಂದೇ ಚಿತ್ರ, ಒಂದೇ ಪೋಸ್ಟರ್. ಹುಡುಗನಿಗೆ ಬೆಳೆಯಲು ಸಮಯ ಸಿಕ್ಕಿತ್ತು, ಹುಡುಗಿ ಬೆಳೆದಂತೆ ಕಾಣಬೇಕಿತ್ತು. ಇದು ಯಾರೋ ಒಬ್ಬರು ಮಾಡಿದ ತಪ್ಪಲ್ಲ, ಆಗ ಯಾರಿಗೂ ಇದು ವಿಚಿತ್ರವಾಗಿ ಕಂಡಿರಲಿಕ್ಕೂ ಇಲ್ಲ. ಹಾಗೆ ಕಾಣದಿದ್ದುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಒಂದು ಉದಾಹರಣೆ ಹಿಡಿದು ಇಡೀ ರಂಗವನ್ನು ತೂಗಬಾರದು ಎನ್ನುವವರಿಗಾಗಿ ಇನ್ನಷ್ಟು ನೋಡೋಣ. ಡಾ. ರಾಜ್‌ಕುಮಾರ್ ಅವರ ‘ಭಕ್ತ ಕುಂಬಾರ’ದಲ್ಲಿ (1974) ಬಾಲನಟಿಯಾಗಿ ಕನ್ನಡಿಗರಿಗೆ ಕಂಡ ಶ್ರೀದೇವಿ ಹುಟ್ಟಿದ್ದು 1963ರ ಆಗಸ್ಟ್‌ನಲ್ಲಿ. ಕೆ. ಬಾಲಚಂದರ್ ಅವರ ತಮಿಳು ಚಿತ್ರ ‘ಮೂಂಡ್ರು ಮುಡಿಚ್ಚು’ 1976ರಲ್ಲಿ ಬಂದಾಗ ಆಕೆ 13ರ ನಾಯಕಿ. ಜೊತೆಗಿದ್ದ ಕಮಲಹಾಸನ್ 1960ರ ‘ಕಳತ್ತೂರ್ ಕಣ್ಣಮ್ಮ’ದ ಬಾಲನಟ, ಅವರು ನಡುವೆ ರಂಗಭೂಮಿ, ನೃತ್ಯ ಎಂದೆಲ್ಲ ಸುತ್ತಾಡಿ, 20ರ ಹೊತ್ತಿಗೆ ನಾಯಕರಾದವರು. ಕನ್ನಡದ ಅಮೂಲ್ಯ 1993ರಲ್ಲಿ ಹುಟ್ಟಿದವರು. ‘ಪರ್ವ’, ‘ಲಾಲಿಹಾಡು’ ಮೊದಲಾದ ಚಿತ್ರಗಳಲ್ಲಿ ಬಾಲನಟಿ. 2007ರಲ್ಲಿ ಎಸ್. ನಾರಾಯಣ್ ಅವರ ‘ಚೆಲುವಿನ ಚಿತ್ತಾರ’ದಲ್ಲಿ ಗಣೇಶ್ ಅವರಿಗೆ ನಾಯಕಿಯಾದಾಗ ಅವರಿಗೆ 14ರ ಆಸುಪಾಸು. ಇತ್ತ ಪುನೀತ್ ರಾಜ್‌ಕುಮಾರ್ ‘ಬೆಟ್ಟದ ಹೂವು’ (1985) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದು, 1989ರ ‘ಪರಶುರಾಮ್’ ನಂತರ ತೆರೆಯಿಂದ ಸರಿದು, ‘ಅಪ್ಪು’ ಆಗಿ ಮರಳಿದ್ದು 2002ರಲ್ಲಿ, 27ನೆಯ ವಯಸ್ಸಿಗೆ. ‘ಚಿನ್ನಾರಿ ಮುತ್ತ’ (1993), ‘ಕೊಟ್ರೇಶಿ ಕನಸು’ (1994) ಚಿತ್ರಗಳ ವಿಜಯ ರಾಘವೇಂದ್ರ ‘ನಿನಗಾಗಿ’ಯ ನಾಯಕನಾದದ್ದು 2002ರಲ್ಲಿ, 20 ದಾಟಿದ ಮೇಲೆ. ಹುಡುಗಿಯರು 13, 13, 14. ಹುಡುಗರು 20ರಿಂದ 27. ಮೂರು ದಶಕಗಳಲ್ಲಿ ಭಾಷೆ, ನಿರ್ದೇಶಕರು, ಪ್ರೇಕ್ಷಕರು ಎಲ್ಲ ಬದಲಾದರೂ ಈ ಅಂತರ ಬದಲಾಗಲಿಲ್ಲ ಎಂದಮೇಲೆ ಅದನ್ನು ಆಕಸ್ಮಿಕ ಎನ್ನಲಾಗದು.

ಇದಕ್ಕೆ ಕಾರಣ ಹುಡುಕಿದರೆ ಕಥೆಗಳ ಬಳಿಗೇ ಹೋಗಬೇಕಾಗುತ್ತದೆ. ಕನ್ನಡದವರು ಮಕ್ಕಳನ್ನು ನಡುವೆ ಇಟ್ಟುಕೊಂಡು ಮಾಡಿದ ದೊಡ್ಡ ಕೃತಿಗಳನ್ನು ಸಾಲಾಗಿ ಇಡಿ: ಬಿ.ಆರ್. ಪಂತುಲು ಅವರ ‘ಮಕ್ಕಳ ರಾಜ್ಯ’ (1960), ಗಿರೀಶ್ ಕಾರ್ನಾಡರ ‘ಕಾಡು’ (1973), ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977), ‘ಬೆಟ್ಟದ ಹೂವು’, ನಮ್ಮ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲೇ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’, ‘ಚಿನ್ನಾರಿ ಮುತ್ತ’, ‘ಕೊಟ್ರೇಶಿ ಕನಸು’. ಎಲ್ಲದರಲ್ಲೂ ಲೋಕವನ್ನು ಕಣ್ಣರಳಿಸಿ ನೋಡುವುದು ಹುಡುಗ. ‘ಕಾಡು’ವಿನ ನಟರಾಜ್, ‘ಘಟಶ್ರಾದ್ಧ’ದ ಅಜಿತ್ ಕುಮಾರ್, ಪುನೀತ್, ವಿಜಯ ರಾಘವೇಂದ್ರ, ರಾಷ್ಟ್ರಪ್ರಶಸ್ತಿ ಬಂದದ್ದು ಈ ಹುಡುಗರಿಗೆ. ಹುಡುಗಿಯ ಹೆಸರು ಶೀರ್ಷಿಕೆಗೇ ಏರಿದ ಶ್ಯಾಮಿಲಿ ಯುಗದಲ್ಲಿ ಅದು ‘ಭೈರವಿ’, ‘ದಾಕ್ಷಾಯಿಣಿ’ ಎಂಬ ದೇವತೆಯ ಹೆಸರಾಯಿತು. ಹುಡುಗ ತಪ್ಪು ಮಾಡುತ್ತಾನೆ, ಸುಳ್ಳು ಹೇಳುತ್ತಾನೆ, ಹೆದರುತ್ತಾನೆ, ಅದರಿಂದ ಏನೋ ಕಲಿಯುತ್ತಾನೆ. ದೇವತೆಗೆ ಕಲಿಯುವುದೇನಿದೆ? ಕಲಿಯದ ಪಾತ್ರ ಬೆಳೆಯುವುದಿಲ್ಲ. ಬೆಳೆಯದ ಪಾತ್ರ ಮಾಡುತ್ತಿದ್ದ ಹುಡುಗಿ ಬೆಳೆದುಬಿಟ್ಟರೆ ಚಿತ್ರಕಥೆಗೆ ಆಕೆಯಿಂದ ಪ್ರಯೋಜನವಿಲ್ಲ. ರಾಜ್ಯ ಪ್ರಶಸ್ತಿಗಳ ಪಟ್ಟಿಯಲ್ಲೂ ಅತ್ಯುತ್ತಮ ಬಾಲನಟಿ ಎಂಬುದಿದೆ, ಅದನ್ನು ದಾಟಿದರೆ ಇರುವುದು ದೊಡ್ಡವರ ಪ್ರಶಸ್ತಿಗಳೇ.

ಶ್ಯಾಮಿಲಿಯವರ ವೃತ್ತಿಜೀವನ ಈ ಗೋಡೆಗೆ ಬಡಿದ ಕಥೆ. 1987ರಲ್ಲಿ ಹುಟ್ಟಿದ ಆಕೆ ಮಣಿರತ್ನಂ ಅವರ ‘ಅಂಜಲಿ’ (1990) ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಾಗ ಇನ್ನೂ ಶಾಲೆಯ ಮುಖ ನೋಡುವ ವಯಸ್ಸಲ್ಲ. ಅದೇ ಹೊತ್ತಿಗೆ ಮಲಯಾಳದ ‘ಮಾಲೂಟ್ಟಿ’, ಕನ್ನಡದ ‘ಮತ್ತೆ ಹಾಡಿತು ಕೋಗಿಲೆ’. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ದಕ್ಷಿಣದ ನಾಲ್ಕೂ ಭಾಷೆಗಳ ನಿರ್ಮಾಪಕರಿಗೆ ಬೇಕಾಗಿದ್ದ ಮಗು ಅದು. ಆಕೆ ನಾಯಕಿಯಾಗಿ ಬಂದದ್ದು 2009ರ ತೆಲುಗು ಚಿತ್ರ ‘ಓಯ್’ನಲ್ಲಿ, 22ರ ಆಸುಪಾಸಿನಲ್ಲಿ. ಆ ಬಳಿಕ ನಟಿಸಿದ್ದು ಬೆರಳೆಣಿಕೆಯ ಚಿತ್ರಗಳಲ್ಲಿ. ಈಚೆಗೆ ಚಿತ್ರಕಲೆಯತ್ತ ಹೊರಳಿದ್ದಾರೆ. ಇದನ್ನು ಸೋಲು ಎನ್ನಲು ಯಾವ ಆಧಾರವೂ ಇಲ್ಲ. ಮೂರು ವರ್ಷದ ಮಗುವಿನಿಂದ ಕ್ಯಾಮೆರಾ ತೆಗೆದುಕೊಂಡದ್ದು ಆ ಮಗು ಕಲಿತ ವಿದ್ಯೆಯನ್ನಲ್ಲ, ಅದಕ್ಕೇ ಗೊತ್ತಿಲ್ಲದೆ ಇದ್ದ ಮುಖಭಾವವನ್ನು. ಆ ಮುಖ ವಯಸ್ಸಿನೊಂದಿಗೆ ಹೋಗುತ್ತದೆ. ನಟನೆ ಎಂಬ ವಿದ್ಯೆಯನ್ನು ಆಮೇಲೆ ಹೊಸದಾಗಿ, ಎಲ್ಲರಂತೆ, ಕಲಿಯಬೇಕು. ಆದರೆ ಎಲ್ಲರಿಗೂ ಸಿಗುವ ಅನಾಮಿಕತೆಯ ರಿಯಾಯಿತಿ ಆಕೆಗೆ ಸಿಗುವುದಿಲ್ಲ, ಪ್ರೇಕ್ಷಕರು ಹಳೆಯ ಮಗುವನ್ನೇ ಹುಡುಕುತ್ತಿರುತ್ತಾರೆ.

ಮಗುವಿನ ನಟನೆ ಎಂದು ನಾವು ಮೆಚ್ಚುವುದರಲ್ಲಿ ಎಷ್ಟು ಪಾಲು ನಟನೆ, ಎಷ್ಟು ಪಾಲು ಮಗುವಿನ ಮೈಯ ಅನುಭವ ಎಂದು ತಿಳಿಯಲು ‘ಪಥೇರ್ ಪಾಂಚಾಲಿ’ಯ (1955) ಮಳೆಯ ದೃಶ್ಯ ಸಾಕು. ದುರ್ಗಾ ಮಳೆಯಲ್ಲಿ ಕುಣಿದು ನೆನೆಯುತ್ತಾಳೆ, ಮರದ ಕೆಳಗೆ ತಮ್ಮ ಅಪುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುತ್ತಾಳೆ, ಇಬ್ಬರೂ ಗಡಗಡ ನಡುಗುತ್ತಾರೆ. ದುಡ್ಡಿಲ್ಲದೆ ಮಳೆಗಾಲ ಕೈತಪ್ಪಿಹೋಗಿ, ಅಕ್ಟೋಬರ್‌ನಲ್ಲಿ ಅಕಾಲ ಮಳೆಗಾಗಿ ಕಾದು ತೆಗೆದ ದೃಶ್ಯವದು. ಆ ನಡುಕ ನಟನೆಯದಲ್ಲ, ಶಾಟ್ ಮುಗಿದ ಮೇಲೆ ಮಕ್ಕಳಿಗೆ ಬಿಸಿ ಹಾಲಿನಲ್ಲಿ ಬ್ರಾಂದಿ ಹಾಕಿ ಕುಡಿಸಬೇಕಾಯಿತು ಎಂದು ಸತ್ಯಜಿತ್ ರಾಯ್ ಅವರೇ ಬರೆದುಕೊಂಡಿದ್ದಾರೆ. ಚಿತ್ರೀಕರಣ ನಿಂತು ನಿಂತು ವರ್ಷಗಟ್ಟಲೆ ಎಳೆದಾಗ ತಮ್ಮನ್ನು ಕಾಪಾಡಿದ ಪವಾಡಗಳಲ್ಲಿ ದುರ್ಗಾ ಬೆಳೆದುಬಿಡದೆ ಇದ್ದದ್ದೂ ಒಂದು ಎಂದು ಅವರು ಹೇಳುತ್ತಿದ್ದರು. ರಾಯ್ ಮಕ್ಕಳನ್ನು ಪ್ರೀತಿಯಿಂದ ನೋಡಿಕೊಂಡ ನಿರ್ದೇಶಕ, ಅವರಂಥವರ ಸೆಟ್ಟಿನಲ್ಲೂ ಹುಡುಗಿ ಬೆಳೆಯುವುದೆಂದರೆ ಆತಂಕದ ವಿಷಯವಾಗಿತ್ತು. ದುರ್ಗಾ ಆಗಿದ್ದ ಉಮಾ ದಾಸ್‌ಗುಪ್ತಾ ಮುಂದೆ ಸಿನಿಮಾದ ನಂಟು ಬೆಳೆಸಲಿಲ್ಲ. ಓದಿ, ಶಿಕ್ಷಕಿಯಾಗಿ ಬಾಳಿ, 2024ರ ನವೆಂಬರ್‌ನಲ್ಲಿ ತೀರಿಕೊಂಡರು. ಆಗ ಬಂದ ಬರಹಗಳಲ್ಲೂ ಯಾಕೆ ಮತ್ತೆ ನಟಿಸಲಿಲ್ಲ ಎಂಬ ಪ್ರಶ್ನೆ ತಪ್ಪಲಿಲ್ಲ. ಒಂದು ಚಿತ್ರ ಮಾಡಿ ಶಿಕ್ಷಕಿಯಾದ ಬದುಕು ಪೂರ್ತಿ ಬದುಕೇ ಎಂದು ಒಪ್ಪಲು ನಮಗೆ ಇಷ್ಟು ಕಷ್ಟವಾಗಬಾರದು.

ಇಷ್ಟು ಹೇಳಿದ ಮೇಲೆ ಎದುರಾಗುವ ಮೊದಲ ಆಕ್ಷೇಪ ಸುಧಾರಾಣಿಯವರ ಯಶಸ್ಸೇ. 13ಕ್ಕೆ ನಾಯಕಿಯಾದವರು ಕೆಟ್ಟುಹೋದರೇನು? ಪಿ.ಎಚ್. ವಿಶ್ವನಾಥ್ ಅವರ ‘ಪಂಚಮವೇದ’ (1990), ಕೆ.ಎಸ್. ನರಸಿಂಹಸ್ವಾಮಿಯವರ ಕವನಗಳನ್ನು ಆಧರಿಸಿದ ನಾಗಾಭರಣರ ‘ಮೈಸೂರು ಮಲ್ಲಿಗೆ’ (1992), ಎರಡಕ್ಕೂ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಮದುವೆ, ಮಗಳು, ಬಿಡುವು ಎಲ್ಲ ಆದ ಮೇಲೂ ಮರಳಿದರು. 2022ರಲ್ಲಿ ಶುರುವಾದ ‘ಶ್ರೀರಸ್ತು ಶುಭಮಸ್ತು’ ಧಾರಾವಾಹಿಯಲ್ಲಿ ನಡುವಯಸ್ಸಿನ ತುಳಸಿಯಾಗಿ ಮನೆಮನೆ ಮುಟ್ಟಿದರು. ನಿಜ, ಮತ್ತು ಆ ಹೆಗ್ಗಳಿಕೆ ಪೂರ್ತಿ ಅವರದೇ. ಆದರೆ ಹೊಳೆ ಈಜಿ ದಾಟಿದವರೊಬ್ಬರು ಇದ್ದಾರೆ ಎಂಬುದು ಸೇತುವೆ ಬೇಡ ಎನ್ನಲು ಕಾರಣವಾಗದು. ಅವರ ಕೆಲಸವನ್ನೇ ಗಮನಿಸಿ ನೋಡಿದರೆ ನಮ್ಮ ವಾದಕ್ಕೇ ಬಲ ಬರುತ್ತದೆ: ಪ್ರಶಸ್ತಿ ತಂದ ಪಾತ್ರಗಳು ಬಂದದ್ದು ಅವರು ಮೈಮನಸ್ಸಿನಲ್ಲಿ ಬೆಳೆದಂತೆಲ್ಲ. ಅವಸರದ ಬಡ್ತಿಯಿಂದ ಪ್ರತಿಭೆ ಹುಟ್ಟಲಿಲ್ಲ, ಅದನ್ನೂ ಮೀರಿ ಪ್ರತಿಭೆ ಉಳಿಯಿತು. ಅಮೂಲ್ಯ ಅವರ ಹಾದಿಯಲ್ಲೂ ಇಂಥದೊಂದು ಪುರಾವೆ ಇದೆ. 2010ರ ‘ನಾನು ನನ್ನ ಕನಸು’ ಚಿತ್ರದಲ್ಲಿ ಪ್ರಕಾಶ್ ರಾಜ್ ಅವರ ಮಗಳಾಗಿ, ಅಪ್ಪನ ಕೈಬಿಡಿಸಿಕೊಂಡು ತನ್ನಷ್ಟಕ್ಕೆ ನಡೆಯಲು ಹೊರಟ ಹುಡುಗಿಯಾಗಿ ಅವರು ನಟಿಸಿದಾಗ ವಯಸ್ಸೂ ಪಾತ್ರವೂ ಒಂದಕ್ಕೊಂದು ಹೊಂದಿಕೊಂಡಿದ್ದವು. ಬರೆದರೆ ಅಂಥ ಪಾತ್ರ ಬರುತ್ತದೆ, ಜನ ನೋಡುತ್ತಾರೆ. ಬರೆಯುವವರು ಕಡಿಮೆ, ಅಷ್ಟೆ.

ಎರಡನೆಯ ಆಕ್ಷೇಪ ಕಾಲದ್ದು. ಆ ದಿನಗಳಲ್ಲಿ ಹೆಣ್ಣುಮಕ್ಕಳಿಗೆ ಮದುವೆಯೇ ಆ ವಯಸ್ಸಿಗೆ ಆಗುತ್ತಿತ್ತು, ಇಂದಿನ ಕಣ್ಣಿನಿಂದ ಅಂದಿನದನ್ನು ನೋಡಬೇಡಿ ಎನ್ನುತ್ತಾರೆ. ಅಂದಿನ ಕಣ್ಣಿನಿಂದಲೇ ನೋಡೋಣ. ಹೆಣ್ಣಿನ ಮದುವೆಯ ವಯಸ್ಸನ್ನು ಕಾನೂನು 18ಕ್ಕೆ ಏರಿಸಿದ್ದು 1978ರಲ್ಲಿ. ಅಂದರೆ ‘ಆನಂದ್’ ಬರುವ ಎಂಟು ವರ್ಷ ಮೊದಲೇ ಸರ್ಕಾರ ಈ ವಯಸ್ಸು ಎಳೆಯದು ಎಂದು ಹೇಳಿಯಾಗಿತ್ತು. ಸಮಾಜಕ್ಕೂ ತಿಳಿದಿರಲಿಲ್ಲ ಎನ್ನುವಂತಿಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣಿನ ಕಥೆಯನ್ನು ‘ಫಣಿಯಮ್ಮ’ ಎಂದು ಬರೆದಿದ್ದರು, ಪ್ರೇಮಾ ಕಾರಂತರು 1983ರಲ್ಲಿ ಅದನ್ನು ತೆರೆಗೆ ತಂದಿದ್ದರು. ಅದೇ ಇಂದಿರಾ ಅವರ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲ್ 1969ರಷ್ಟು ಹಿಂದೆಯೇ ಚಿತ್ರವಾಗಿಸಿದ್ದರು, ಓದಿ ಮರ್ಯಾದೆಯ ಬಾಳು ಬಾಳಬೇಕೆಂದ ಹುಡುಗಿಯನ್ನು ಮನೆಯವರೇ ದಂಧೆಗೆ ನೂಕುವ ಕಥೆ ಅದು. ಹುಡುಗಿಯ ಬಾಲ್ಯವನ್ನು ಹಿರಿಯರು ತಮ್ಮ ಅನುಕೂಲಕ್ಕೆ ಕತ್ತರಿಸುವುದು ಅನ್ಯಾಯ ಎಂದು ಕನ್ನಡ ತೆರೆ ಕಥೆಯಲ್ಲಿ ಚೆನ್ನಾಗಿಯೇ ಹೇಳಿದೆ. ಆ ಅರಿವು ಪಾತ್ರ ಹಂಚುವ ಕೋಣೆಗೆ ದಾಟಲಿಲ್ಲ.

ಮೂರನೆಯದು ರಂಗಭೂಮಿಯ ವಾದ. ಕಂಪನಿ ನಾಟಕದಲ್ಲಿ ಮಕ್ಕಳು ಬಣ್ಣ ಹಚ್ಚಿಯೇ ಬೆಳೆದರು, ಅವರಿಗೆ ಏನಾಯಿತು ಎಂಬುದು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕಂಪನಿಯ ನಡುವೆಯೇ ಎಳವೆಯಲ್ಲಿ ರಂಗ ಹತ್ತಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ‘ಸ್ಪಂದನ’ ತಂಡ ಕಟ್ಟಿ, 2013ರಲ್ಲಿ ಪದ್ಮಶ್ರೀ ಪಡೆದವರು. ಆದರೆ ಈ ಉದಾಹರಣೆ ಆಕ್ಷೇಪಕ್ಕಿಂತ ಹೆಚ್ಚಾಗಿ ನಮ್ಮ ವಾದಕ್ಕೆ ಒದಗುತ್ತದೆ. ನಾಟಕದಲ್ಲಿ ಹನ್ನೆರಡರ ಹುಡುಗಿ ಮುದುಕಿಯಾಗಬಹುದು, ಸಖಿಯಾಗಬಹುದು, ಮೇಳದಲ್ಲಿ ಹಾಡಬಹುದು, ತೆರೆಯ ಹಿಂದೆ ಪ್ರಾಂಪ್ಟ್ ಮಾಡಬಹುದು. ಆ ನಡುವಿನ ವಯಸ್ಸಿಗೆ ಅಲ್ಲಿ ಕೆಲಸ ಇತ್ತು, ಕೆಲಸದೊಳಗೆ ಕಲಿಕೆ ಇತ್ತು. ನಮ್ಮದೇ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಂ ಹಳ್ಳಿಗರಿಗೆ ನಾಟಕವನ್ನೂ ಜಗತ್ತಿನ ಸಿನಿಮಾವನ್ನೂ ತೋರಿಸುತ್ತ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದದ್ದು ನಟನೆ ಕಲಿತು ಬರುವ ವಿದ್ಯೆ ಎಂಬ ನಂಬಿಕೆಯ ಮೇಲೆ. ಕ್ಯಾಮೆರಾ ಮುಖದ ಹತ್ತಿರಕ್ಕೆ ಬರುತ್ತದೆ, ವಯಸ್ಸನ್ನು ಇದ್ದ ಹಾಗೆಯೇ ಕೇಳುತ್ತದೆ. ಹಾಗಾಗಿ ಸಿನಿಮಾದಲ್ಲಿ ಆ ನಡುವಿನ ವರ್ಷಗಳನ್ನು ಓದು ಮತ್ತು ತರಬೇತಿಗೆ ಬಿಟ್ಟುಕೊಡುವುದು ಇನ್ನೂ ಅಗತ್ಯ.

ಈಗ ಕಾಯ್ದೆ ಇದೆಯಲ್ಲ ಎಂಬುದು ಕೊನೆಯ ಆಕ್ಷೇಪ, ಇದೇ ಗಟ್ಟಿಯಾದದ್ದು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 2017ರಲ್ಲಿ ನಿಯಮಗಳು ಬಂದವು. ಮಗುವನ್ನು ಕಲಾವಿದೆಯಾಗಿ ಬಳಸುವ ನಿರ್ಮಾಪಕ ಚಿತ್ರೀಕರಣ ನಡೆಯುವ ಜಿಲ್ಲೆಯ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ಬಿಡುವಿಲ್ಲದೆ 3 ಗಂಟೆ ಮೀರುವಂತಿಲ್ಲ, ಸತತ 27 ದಿನ ದಾಟುವಂತಿಲ್ಲ. 5 ಮಕ್ಕಳಿಗೊಬ್ಬರಂತೆ ಹೊಣೆಗಾರರಿರಬೇಕು. ಸಂಪಾದನೆಯಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ಠೇವಣಿ ಇಡಬೇಕು. ಈ ಕೊನೆಯ ನಿಯಮದ ಹಿಂದೆ ಒಂದು ಹಳೆಯ ಪಾಠವಿದೆ: ಚಾಪ್ಲಿನ್ ಜೊತೆ ‘ದಿ ಕಿಡ್’ನಲ್ಲಿ (1921) ನಟಿಸಿ ಲಕ್ಷಗಟ್ಟಲೆ ಡಾಲರ್ ದುಡಿದ ಜಾಕಿ ಕೂಗನ್ ದೊಡ್ಡವನಾದಾಗ ದುಡ್ಡೆಲ್ಲ ಕರಗಿತ್ತು, ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ ಮೇಲೆ ಕ್ಯಾಲಿಫೋರ್ನಿಯಾ 1939ರಲ್ಲಿ ಕಾಯ್ದೆ ತಂದಿತು. ನಮ್ಮ ನಿಯಮಗಳು ಒಳ್ಳೆಯವೇ. ಆದರೆ ಈ ಕಾಯ್ದೆಯ ಪ್ರಕಾರ ಮಗು ಎಂದರೆ 14 ತುಂಬದವರು. 14ರಿಂದ 18ರವರೆಗಿನವರು ಹದಿಹರೆಯದವರು. ಅವರಿಗೆ ನಿಷೇಧವಿರುವುದು ಗಣಿ, ಸ್ಫೋಟಕದಂಥ ಅಪಾಯದ ಕೆಲಸಗಳಲ್ಲಿ ಮಾತ್ರ. ಅಂದರೆ ಬಾಲನಟಿಯನ್ನು ನಾಯಕಿಯ ಜಾಗಕ್ಕೆ ಎತ್ತಿ ಕೂರಿಸುವ ವಯಸ್ಸು ಯಾವುದೋ, ಸರಿಯಾಗಿ ಆ ವಯಸ್ಸಿಗೇ ಬಾಲಕಲಾವಿದರ ರಕ್ಷಣೆ ಮುಗಿಯುತ್ತದೆ. ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕಿಲ್ಲ, ಠೇವಣಿಯ ಕಡ್ಡಾಯವೂ ಇಲ್ಲ. ಚಿತ್ರಕಥೆ ಕಾಣದ ವರ್ಷಗಳನ್ನೇ ಕಾಯ್ದೆಯೂ ಕಾಣಲಿಲ್ಲ. ಈ ನಿಯಮಗಳನ್ನು 18ರವರೆಗೆ ಚಾಚಿದರೆ ಸಿನಿಮಾ ಮಾಡುವುದೇ ಕಷ್ಟ ಎನ್ನುವವರು, ರಾಯ್ ನೌಕರಿಯಲ್ಲಿದ್ದುಕೊಂಡೇ ರಜಾದಿನಗಳಲ್ಲಿ ‘ಪಥೇರ್ ಪಾಂಚಾಲಿ’ ಶುರುಮಾಡಿದ್ದನ್ನು ನೆನೆಯಬೇಕು. ಹಿರಿಯರ ನೌಕರಿಗೆ ಹೊಂದಿಕೊಳ್ಳುವ ಕಾಲ್‌ಶೀಟ್ ಹುಡುಗಿಯ ಶಾಲೆಗೂ ಹೊಂದಿಕೊಂಡೀತು.

ಇದೆಲ್ಲ ಬೆಂಗಳೂರಿನ ಮಾತು, ನಮ್ಮ ಶಿರಾಳಕೊಪ್ಪದಂಥ ಸಣ್ಣ ಊರಿಗೇನು ಎನ್ನಬಹುದು. ಈಗ ಹಾಗಿಲ್ಲ. 2016ರಲ್ಲಿ ‘ಡ್ರಾಮಾ ಜೂನಿಯರ್ಸ್’ ಎಂಬ ಟಿವಿ ಸ್ಪರ್ಧೆ ಶುರುವಾದ ಮೇಲೆ ಸಣ್ಣ ಊರುಗಳ ಮಕ್ಕಳಿಗೂ ತೆರೆ ಹತ್ತಿರವಾಗಿದೆ. ಕೈಯಲ್ಲಿರುವ ಮೊಬೈಲೇ ಮೊದಲ ಕ್ಯಾಮೆರಾ ಆಗಿದೆ. ರೈಲು ಹಿಡಿಯಲು ಶಿವಮೊಗ್ಗಕ್ಕೋ ಸಾಗರಕ್ಕೋ ಹೋಗಬೇಕಾದ ಊರಿನ ಹುಡುಗಿ ಆಯ್ಕೆಯಾದಳೆಂದರೆ ಅವಳ ಜೊತೆ ತಾಯಿಯೋ ತಂದೆಯೋ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಬೀಡು ಬಿಡಬೇಕು, ಶಾಲೆ ತಪ್ಪುತ್ತದೆ, ಮನೆಯ ಲೆಕ್ಕಾಚಾರವೆಲ್ಲ ಮಗುವಿನ ಮೇಲೆ ವಾಲುತ್ತದೆ. ಇಂಥ ಮನೆಗಳು ಕರಾರು ಹಾಕುವ ಧೈರ್ಯ ಮಾಡುವುದು ಕಷ್ಟ. ಆದರೆ ಹೆಣ್ಣು ಕರಾರು ಹಾಕಿದ ಕಥೆಗೆ ಈ ಸೀಮೆಯವರು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನದೇ ಉಡುತಡಿಯ ಮಹಾದೇವಿ ತನ್ನನ್ನು ನೋಡಿ ಬಯಸಿದ ಕೌಶಿಕ ರಾಜನಿಗೆ ಮೊದಲು ಷರತ್ತುಗಳನ್ನು ಇಟ್ಟಳು, ಮುರಿದಾಗ ಎದ್ದು ನಡೆದಳು ಎಂದು ಹರಿಹರನ ರಗಳೆ ಹೇಳುತ್ತದೆ. ನೋಡುವವರು ಎಷ್ಟೇ ದೊಡ್ಡವರಾಗಿರಲಿ, ನೋಡಿಸಿಕೊಳ್ಳುವವಳಿಗೆ ಷರತ್ತು ಹಾಕುವ ಹಕ್ಕಿದೆ. ಮಗು ತಾನೇ ಹಾಕಲಾರದು, ಅವಳ ಪರವಾಗಿ ಮನೆಯವರು ಹಾಕಬೇಕು: ಅನುಮತಿ ಪತ್ರ ತೋರಿಸಿ, ಮಗುವಿನ ಹೆಸರಿನ ಠೇವಣಿ ರಸೀದಿ ಕೊಡಿ, ಪರೀಕ್ಷೆಯ ದಿನಗಳನ್ನು ಬಿಡಿ, ಅವಳು ಒಲ್ಲೆ ಎಂದ ದಿನ ಮನೆಗೆ ಕಳಿಸಿ.

ಹಾಗಾಗಿ ಬಾಲನಟಿಯೊಬ್ಬಳ ಬಾಳನ್ನು ತೂಗುವಾಗ ಅವಳು ನಾಯಕಿಯಾದಳೋ ಇಲ್ಲವೋ ಎಂಬುದನ್ನು ಬದಿಗಿಟ್ಟು, ಹತ್ತರಿಂದ ಹದಿನೆಂಟರವರೆಗಿನ ವರ್ಷಗಳು ಅವಳ ಕೈಯಲ್ಲಿ ಉಳಿದವೋ ಇಲ್ಲವೋ ಎಂದು ಕೇಳಬೇಕು. ದುಡಿದ ದುಡ್ಡು ಅವಳ ಹೆಸರಿನಲ್ಲಿತ್ತೇ, ಓದು ಸಾಗಿತೇ, ಬಿಡುತ್ತೇನೆ ಎಂದಾಗ ಬಿಡಲು ಸಾಧ್ಯವಿತ್ತೇ? ಹೌದು ಎಂದಾದರೆ ಅವಳು ಚಿತ್ರ ಬಿಡಿಸಲಿ, ಪಾಠ ಹೇಳಲಿ, ಐವತ್ತರ ಹೊಸ್ತಿಲಲ್ಲಿ ಧಾರಾವಾಹಿಯ ನಾಯಕಿಯಾಗಲಿ, ಅದು ಅವಳು ಆರಿಸಿಕೊಂಡದ್ದು. ಅಲ್ಲ ಎಂದಾದರೆ ಪ್ರಶಸ್ತಿಗಳ ಸಾಲೇ ಇದ್ದರೂ ಲೆಕ್ಕ ಬಾಕಿಯೇ. ಆ ಬಾಕಿಯನ್ನು ತೀರಿಸಬೇಕಾದವರಲ್ಲಿ ಹುಡುಗಿ ಇಲ್ಲ. ಪಾತ್ರ ಬರೆಯುವವರಿದ್ದಾರೆ, ಕಾಯ್ದೆ ಮಾಡುವವರಿದ್ದಾರೆ, ಮಗುವಿನ ಮುಖಕ್ಕೆ ಟಿಕೆಟ್ ಕೊಂಡು ಅವಳು ಬೆಳೆದಾಗ ಮುನಿಸಿಕೊಳ್ಳುವ ನಾವೂ ಇದ್ದೇವೆ.